ಕಪ್ಪತಗುಡ್ಡದ ಚಳಿಯೂ ಕಾರಿನ ಹೀಟರೂ

ನಮ್ಮ ಗದಗ ಸೀಮೆಯು ಬಿಸಿಲಿನ ಸೀಮೆಯೆಂದು ಹೊರಗಿನವರು ಹೇಳುವದುಂಟು. ಚೈತ್ರ ವೈಶಾಖಗಳ ಮಟ್ಟಿಗೆ ಆ ಮಾತು ನಿಜವಾದದ್ದೇ. ಆದರೆ ಮಾರ್ಗಶೀರ್ಷ ಪುಷ್ಯಗಳಲ್ಲಿ, ಹೊತ್ತು ಮೂಡುವ ಮುಂಚೆ, ಊರ ಹೊರಗಿನ ಎರೆಯ ಹೊಲಗಳ ನಡುವೆ ಒಮ್ಮೆ ಸಂಚರಿಸಿದವರು ಈ ಮಾತನ್ನು ಅಷ್ಟು ಧೈರ್ಯದಿಂದ ಆಡಲಾರರು. ಕಡಲೆಯ ಗಿಡಗಳ ಮೇಲೆ ಇಬ್ಬನಿ ಕುಳಿತಿರುತ್ತದೆ. ಕಪ್ಪತಗುಡ್ಡದ ಕಡೆಯಿಂದ ಬೀಸುವ ಗಾಳಿ ಕಿವಿಯನ್ನು ಕೊರೆಯುತ್ತದೆ. ಪಾದರಸವು 15–16 ಡಿಗ್ರಿಗಳ ಆಸುಪಾಸಿಗೆ ಇಳಿಯುವದು. ಇದು ಹಿಮಾಲಯದ ಚಳಿಯಲ್ಲ, ನಿಜ. ಆದರೂ ಓಡುವ ಕಾರಿನಲ್ಲಿ ಎಳೆಯ ಕೂಸೊಂದು ಇದ್ದರೆ, ಅಥವಾ ಒಳಗಿನವರ ಉಸಿರಿನಿಂದ ಮುಂದಿನ ಗಾಜು ಮಬ್ಬು ಹಿಡಿದು ದಾರಿಯೇ ಕಾಣದಂತಾದರೆ, ಈ ಚಳಿಯೂ ಸಣ್ಣದೆನಿಸುವದಿಲ್ಲ. ಅಂತಹ ಹೊತ್ತಿಗಾಗಿಯೇ ಕಾರುಗಳಲ್ಲಿ ಹೀಟರೆಂಬ ಸಾಧನವಿರುತ್ತದೆ. ನಮ್ಮಲ್ಲಿ ಅದರ ಉಪಯೋಗ ವರ್ಷಕ್ಕೆ ಹದಿನೈದು ದಿನವಾದರೆ ಹೆಚ್ಚು. ಆದುದರಿಂದ ಅದು ಕೆಟ್ಟದ್ದು ಹನ್ನೊಂದು ತಿಂಗಳವರೆಗೆ ಯಾರಿಗೂ ತಿಳಿಯುವದಿಲ್ಲ. ಬೇಕಾದ ದಿನವೇ ತಿಳಿಯುವದು.

ಕಳೆದ ಪುಷ್ಯಮಾಸದಲ್ಲಿ ನಮಗೆ ಇಂತಹ ಒಂದು ಪ್ರವಾಸ ಒದಗಿತು. ನಮ್ಮ ತಂಗಿಯನ್ನು ಮುಂಡರಗಿಗೆ ಕೊಟ್ಟಿದೆ. ಅವಳ ಮಗಳು ಬಾಣಂತಿತನಕ್ಕೆಂದು ತವರಿಗೆ ಬಂದವಳು, ಐದು ತಿಂಗಳ ಕೂಸಿನೊಡನೆ ಲಕ್ಷ್ಮೇಶ್ವರದ ಗಂಡನ ಮನೆಗೆ ಹೋಗುವದಿತ್ತು. ಅವಳ ಅಣ್ಣ, ಎಂದರೆ ನಮ್ಮ ಸೋದರಳಿಯನು, ಬೆಟಗೇರಿಯಲ್ಲಿ ನೇಕಾರರ ಓಣಿಯ ಪಕ್ಕದಲ್ಲಿ ಬಿಡಾರ ಮಾಡಿದ್ದಾನೆ. ಅವನಲ್ಲಿ ಎರಡು ವರ್ಷದ ಹಿಂದೆ ಕೊಂಡ ಹಳೆಯ ಕಾರೊಂದಿದೆ. ಹಿರಿಯರಾಗಿ ನಾವು ಸಂಗಡ ಹೋಗಬೇಕೆಂದು ಗೊತ್ತಾಯಿತು. ಗದಗಿನಿಂದ ಮುಂಡರಗಿ, ಅಲ್ಲಿಂದ ಶಿರಹಟ್ಟಿ, ಅಲ್ಲಿಂದ ಮಾಗಡಿಯ ಮೇಲೆ ಹಾಯ್ದು ಲಕ್ಷ್ಮೇಶ್ವರ, ಹೀಗೆ ದಾರಿ. 1997ರಲ್ಲಿ ಧಾರವಾಡದಿಂದ ಬೇರ್ಪಟ್ಟ ಈ ಚಿಕ್ಕ ಜಿಲ್ಲೆಯ ದಕ್ಷಿಣ ಭಾಗವನ್ನೆಲ್ಲ ಒಂದೇ ದಿನದಲ್ಲಿ ಸುತ್ತಿದಂತಾಗುವದು.

ಬೆಳಗಿನ ಐದು ಗಂಟೆಗೆ ಹೊರಟೆವು. ಮಗ್ಗಗಳ ಸದ್ದು ಇನ್ನೂ ಎದ್ದಿರಲಿಲ್ಲ. ಊರು ದಾಟುತ್ತಲೆ ಅಳಿಯನು ಹೀಟರಿನ ಗುಂಡಿಯನ್ನು ಕೆಂಪು ಗುರುತಿನ ಕಡೆಗೆ ತಿರುಗಿಸಿದನು. ಫ್ಯಾನು ಚೆನ್ನಾಗಿಯೇ ಬೀಸಿತು. ಆದರೆ ಬೀಸಿದ್ದು ಹೊರಗಿನಷ್ಟೇ ತಣ್ಣನೆಯ ಗಾಳಿ. ಡಂಬಳವನ್ನು ಮುಟ್ಟುವವರೆಗೆ, ಸುಮಾರು 20 ಕಿಲೋಮೀಟರು ಓಡಿದ ಮೇಲೂ, ಅದು ಹಾಗೆಯೇ ಇತ್ತು.

ಡಂಬಳದಲ್ಲಿ ಚಹದ ಸಲುವಾಗಿ ಇಳಿದೆವು. ದೊಡ್ಡಬಸಪ್ಪನ ಗುಡಿಯ ನಕ್ಷತ್ರಾಕೃತಿಯ ಗೋಡೆಗಳು ಅರೆಗತ್ತಲೆಯಲ್ಲಿ ಮಸುಕಾಗಿ ಕಾಣುತ್ತಿದ್ದವು. ಇಪ್ಪತ್ತನಾಲ್ಕು ಮೂಲೆಗಳ ಆ ಗರ್ಭಗೃಹವನ್ನು ಕಟ್ಟಿದ ಚಾಲುಕ್ಯರ ಕಾಲದ ಶಿಲ್ಪಿಗಳು ಒಂದು ಮೂಲೆಯ ಲೆಕ್ಕ ತಪ್ಪಿದ್ದರೂ ಉಳಿದ ಮೂಲೆಗಳು ಕೂಡುತ್ತಿರಲಿಲ್ಲ. ಅಳಿಯನು ಅಷ್ಟರಲ್ಲಿ ತನ್ನ ಸ್ನೇಹಿತನೊಬ್ಬನಿಗೆ ಮೊಬೈಲಿನಲ್ಲಿ ಮಾತಾಡಿದನು. ಸ್ನೇಹಿತನು ಅಲ್ಲಿಂದಲೇ ತೀರ್ಪು ಕೊಟ್ಟನು: ಹೀಟರಿನ ಒಳಗಿನ ಭಾಗವು ಕೆಟ್ಟಿದೆ, ಮುಂದಿನ ಹಲಗೆಯನ್ನೆಲ್ಲ ಬಿಚ್ಚಿ ಹೊಸದನ್ನು ಹಾಕಿಸಬೇಕು, ಹಲವು ಸಾವಿರ ರೂಪಾಯಿ ಕೈಯಲ್ಲಿಟ್ಟುಕೊಂಡು ಹೋಗು. ಅಳಿಯನ ಮುಖ ಸಪ್ಪಗಾಯಿತು.

ನಾವು ಮೂವತ್ತು ವರ್ಷ ಮಕ್ಕಳಿಗೆ ಸಂಸ್ಕೃತ ಕಲಿಸಿದವರು. ಯಂತ್ರವನ್ನು ಬಿಚ್ಚಿ ಕಟ್ಟಿದವರಲ್ಲ. ಆದರೆ ಕಾರ್ಯವನ್ನು ಕಂಡು ಕಾರಣವನ್ನು ಅರಸುವ ಹಾದಿಯನ್ನು ನಮ್ಮ ನೈಯಾಯಿಕರು ಬಹು ಹಿಂದೆಯೇ ಹಾಕಿಕೊಟ್ಟಿದ್ದಾರೆ. ಯಾವುದು ಇದ್ದಾಗ ದೋಷವಿರುವದೋ ಅದು ಅನ್ವಯ. ಯಾವುದು ಇಲ್ಲದಾಗ ದೋಷವೂ ಇಲ್ಲವೋ ಅದು ವ್ಯತಿರೇಕ. ಸಾಧ್ಯವಾದ ಕಾರಣಗಳನ್ನು ಒಂದೊಂದಾಗಿ ಪರೀಕ್ಷಿಸಿ ತಳ್ಳುತ್ತ ಹೋಗಿ ಕೊನೆಗೆ ಉಳಿದುದನ್ನು ಹಿಡಿಯುವದು ಪರಿಶೇಷಾನುಮಾನ. ಬೆಟಗೇರಿಯ ನೇಕಾರನೂ ಇದನ್ನೇ ಮಾಡುತ್ತಾನೆ. ಒಂದು ಎಳೆ ಹರಿದರೆ ಅವನು ಹಾಸನ್ನೆಲ್ಲ ಕಿತ್ತೆಸೆಯುವದಿಲ್ಲ. ಎಳೆಯನ್ನು ಬೆರಳಿನಿಂದ ಹಿಡಿದು ಹರಿದ ಜಾಗದವರೆಗೆ ಹೋಗುತ್ತಾನೆ. ಕಾರಿನ ಶಾಖಕ್ಕೂ ಅಂತಹ ಒಂದು ಎಳೆಯಿದೆ. ಅದನ್ನು ಮೊದಲು ತಿಳಿಯಬೇಕು.

ಹೀಟರು ತಾನಾಗಿ ಶಾಖವನ್ನು ಹುಟ್ಟಿಸುವದಿಲ್ಲ. ಅದು ಇಂಜಿನ್ನಿನ ಶಾಖವನ್ನು ಕಡ ತರುತ್ತದೆ. ಇಂಜಿನ್ನಿನಲ್ಲಿ ಉರಿಯುವ ಎಣ್ಣೆಯ ಶಕ್ತಿಯಲ್ಲಿ ಹೆಚ್ಚು ಕಡಿಮೆ ಮೂರನೆಯ ಒಂದು ಪಾಲು ಮಾತ್ರ ಚಕ್ರಗಳನ್ನು ತಿರುಗಿಸುವದಕ್ಕೆ ಒದಗುವದು. ಇನ್ನೊಂದು ದೊಡ್ಡ ಪಾಲು ಹೊಗೆಯೊಡನೆ ಹೊರಗೆ ಹೋಗುವದು. ಮತ್ತೊಂದು ಇಂಜಿನ್ನಿನ ಮೈಯನ್ನು ಕಾಯಿಸುವದು. ಈ ಕಾವನ್ನು ಹೊರಲೆಂದೇ ಇಂಜಿನ್ನಿನ ಸುತ್ತ ಒಂದು ದ್ರವವು ಪಂಪಿನ ಬಲದಿಂದ ಸುತ್ತುತ್ತಿರುತ್ತದೆ. ಅದನ್ನು ಕೂಲಂಟು ಎನ್ನುವರು. ದೊಡ್ಡ ಸುತ್ತಿನಲ್ಲಿ ಅದು ಮುಂದಿನ ರೇಡಿಯೇಟರಿಗೆ ಹೋಗಿ ಕಾವನ್ನು ಗಾಳಿಗೆ ಬಿಟ್ಟು ಬರುವದು. ಸಣ್ಣ ಸುತ್ತಿನಲ್ಲಿ, ನಮ್ಮ ಮುಂದಿನ ಹಲಗೆಯ ಹಿಂದಿರುವ ಪುಟ್ಟ ರೇಡಿಯೇಟರಿನೊಳಗೆ ಹಾಯುವದು. ಫ್ಯಾನು ಈ ಪುಟ್ಟ ರೇಡಿಯೇಟರಿನ ಮೇಲೆ ಬೀಸಿದಾಗ ನಮಗೆ ಬೆಚ್ಚನೆಯ ಗಾಳಿ ಬರುವದು. ಹೊಸ್ತಿಲ ಮೇಲಿಟ್ಟ ದೀಪವು ಒಳಗೂ ಹೊರಗೂ ಬೆಳಗುವಂತೆ, ಒಂದೇ ದ್ರವವು ಇಂಜಿನ್ನನ್ನು ಕಾಯುತ್ತದೆ, ಪ್ರಯಾಣಿಕರನ್ನೂ ಕಾಯುತ್ತದೆ. ಇದೇ ದೇಹಲೀದೀಪನ್ಯಾಯ. ಆದುದರಿಂದ ಹೀಟರಿನಲ್ಲಿ ತಣ್ಣನೆಯ ಗಾಳಿ ಬಂದರೆ ಅದು ಕೇವಲ ಸುಖದ ಪ್ರಶ್ನೆಯಲ್ಲ. ದ್ರವವೇ ಸೋರಿಹೋಗಿ ಇಂಜಿನ್ನು ಒಳಗೊಳಗೇ ಕುದಿಯುತ್ತಿರಬಹುದು. ಅಂತಹ ಕಾರಿನಲ್ಲಿ ಕೂಸನ್ನು ಕೂಡ್ರಿಸಿಕೊಂಡು ಜನವಸತಿಯಿಲ್ಲದ ದಾರಿಗೆ ಇಳಿಯುವದು ವಿವೇಕವಲ್ಲ.

ಡಂಬಳದಲ್ಲಿ ನಾವು ನೋಡಿದ್ದು ಕಣ್ಣೆದುರಿಗಿದ್ದ ಉಷ್ಣತೆಯ ಮುಳ್ಳನ್ನು ಮಾತ್ರ. ಇಷ್ಟು ದೂರ ಓಡಿದ ಇಂಜಿನ್ನಿನ ಮುಳ್ಳು ನಡುವಿನಲ್ಲಿ ನಿಂತಿರಬೇಕು. ಇದು ಕೆಳಗಿನ ಗೆರೆಯನ್ನು ಬಿಟ್ಟು ಬಹಳ ಏರಿರಲಿಲ್ಲ. ಇಂಜಿನ್ನು ಕುದಿಯುವ ಲಕ್ಷಣವಂತೂ ಕಾಣಲಿಲ್ಲ. ಆದರೆ ಮುಳ್ಳೊಂದನ್ನೇ ನಂಬುವದೂ ಸರಿಯಲ್ಲ. ಯಾಕಂದರೆ ಅದರ ಮಾಪಕವು ದ್ರವದಲ್ಲಿ ಮುಳುಗಿದ್ದರೆ ಮಾತ್ರ ನಿಜ ಹೇಳುವದು; ದ್ರವವು ಇಳಿದುಹೋಗಿದ್ದರೆ ಅದು ಸುಳ್ಳು ಹೇಳಬಹುದು. ಆದುದರಿಂದ ದ್ರವದ ಮಟ್ಟವನ್ನು ನೋಡದೆ ಮುಂಡರಗಿಯಿಂದ ಮುಂದೆ ಹೋಗಬಾರದೆಂದು ನಿಶ್ಚಯಿಸಿದೆವು.

ಮುಂಡರಗಿಯನ್ನು ಸೇರಿದಾಗ ಮೂಡಣ ಕೆಂಪೇರುತ್ತಿತ್ತು. 1858ರಲ್ಲಿ ಇಂಗ್ಲಿಷರ ವಿರುದ್ಧ ಕತ್ತಿ ಹಿರಿದು ಕೊಪ್ಪಳದ ಕೋಟೆಯಲ್ಲಿ ಪ್ರಾಣ ಕೊಟ್ಟ ಭೀಮರಾಯನ ಊರಿದು. ಇಲ್ಲಿಯವರಿಗೆ ಒಂದು ಮಾತು ಹಿಡಿದರೆ ಬಿಡುವ ಅಭ್ಯಾಸವಿಲ್ಲ. ಮನೆಯ ಹಿರಿಯಜ್ಜಿಯು ಏಳು ಗಂಟೆಯ ಒಳಗೆ ಕೂಸು ಹೊಸ್ತಿಲು ದಾಟಬೇಕು, ಮುಹೂರ್ತವಿದೆ ಎಂದು ಪಟ್ಟು ಹಿಡಿದಳು. ಕಾದ ಇಂಜಿನ್ನಿನ ಮುಚ್ಚಳವನ್ನು ತೆರೆಯಲಾಗದೆಂದು ನಾವು ಹೇಳಿದೆವು. ಅದರೊಳಗಿನ ದ್ರವವು ಒತ್ತಡದಲ್ಲಿರುತ್ತದೆ. ಒತ್ತಡವಿರುವವರೆಗೆ ನೂರು ಡಿಗ್ರಿ ದಾಟಿದರೂ ಕುದಿಯದೆ ಇರುವದು, ಮುಚ್ಚಳ ತೆರೆದ ಕ್ಷಣದಲ್ಲಿ ಉಕ್ಕಿ ಮುಖ ಕೈಗಳನ್ನು ಸುಡುವದು. ಒಂದು ತಾಸಾದರೂ ಆರಲು ಬಿಡಬೇಕು. ಕೂಸನ್ನು ಎತ್ತಿಕೊಂಡು ಹೊಸ್ತಿಲು ದಾಟಿಸಿ, ಪಕ್ಕದ ಮನೆಯಲ್ಲಿ ಕೂಡ್ರಿಸಿ, ಬಿಸಿಲೇರಿದ ಮೇಲೆ ಕಾರು ಹತ್ತಿಸುವದೆಂದು ತಂಗಿಯು ದಾರಿ ಹುಡುಕಿದಳು. ಮುಹೂರ್ತವೂ ಉಳಿಯಿತು, ಇಂಜಿನ್ನೂ ಆರಿತು.

ತರುವಾಯ ಮುಚ್ಚಳ ತೆರೆದು ನೋಡಿದೆವು. ಮಟ್ಟವು ಪೂರ್ಣವಾಗಿತ್ತು. ಕಾಲಡಿಯ ಚಾಪೆ ಒಣಗಿತ್ತು. ಒಳಗೆ ಸಿಹಿಯಾದ ವಾಸನೆಯಿರಲಿಲ್ಲ. ಇವೆರಡೂ ಒಳಗಿನ ಪುಟ್ಟ ರೇಡಿಯೇಟರು ಸೋರುವದರ ಲಕ್ಷಣಗಳು. ಇಂಜಿನ್ನಿನ ಎಣ್ಣೆಯು ಹಾಲು ಬೆರೆತಂತೆ ಬೆಳ್ಳಗಾಗಿರಲಿಲ್ಲ. ಆಗಿದ್ದರೆ ನೀರು ಎಣ್ಣೆಯೊಳಗೆ ಇಳಿದಿದೆಯೆಂದು ತಿಳಿಯಬೇಕಾಗಿತ್ತು. ಹೀಗೆ ಅತ್ಯಂತ ಭಯದ ಕಾರಣಗಳು ಮೊದಲೇ ದೂರಾದವು. ಆದರೆ ಒಂದು ವಿಶೇಷ ಕಂಡಿತು. ಬಣ್ಣದ ಕೂಲಂಟು ಇರಬೇಕಾದಲ್ಲಿ ಬರಿಯ ನೀರಿತ್ತು, ಅಂಚಿನಲ್ಲಿ ಬಿಳಿಯ ಕರೆ ಕಟ್ಟಿತ್ತು. ಅಜ್ಜಿಯು ಬಗ್ಗಿ ನೋಡಿ, ಇದು ನಮ್ಮ ಹಂಡೆಯೊಳಗಿನ ಸುಣ್ಣವೇ ಅಲ್ಲವೇ ಎಂದಳು. ಅವಳ ಮಾತು ಸರಿಯಾಗಿತ್ತು. ನಮ್ಮ ಕಡೆಯ ಕೊಳವೆಬಾವಿಗಳ ಗಡಸು ನೀರನ್ನು ಕಾಯಿಸಿದಷ್ಟೂ ಅದರ ಸುಣ್ಣದಂಶವು ಪಾತ್ರೆಗೆ ಹತ್ತುವದು. ಹಂಡೆಯನ್ನು ಹುಳಿ ಹಾಕಿ ತಿಕ್ಕಬಹುದು. ತೀರ ಕಿರಿದಾದ ರೇಡಿಯೇಟರಿನ ಸಂದುಗಳನ್ನು ಯಾರು ತಿಕ್ಕುವರು?

ಒಂಬತ್ತಕ್ಕೆ ಹೊರಟೆವು. ಕಪ್ಪತಗುಡ್ಡದ ಸಾಲು ಗದಗಿನ ಹತ್ತಿರದಿಂದ ತುಂಗಭದ್ರೆಯ ದಿಕ್ಕಿಗೆ ಹಬ್ಬಿದೆ. ಅದರ ಮೂಡಲಿಗೆ ಮುಂಡರಗಿ, ಪಡುವಲಿಗೆ ಶಿರಹಟ್ಟಿ. ಔಷಧಿ ಸಸ್ಯಗಳಿಗೆ ಹೆಸರಾದ ಈ ಗುಡ್ಡವನ್ನು 2019ರಲ್ಲಿ ವನ್ಯಜೀವಿಧಾಮವೆಂದು ಸರಕಾರವು ಸಾರಿದೆ. ಇಲ್ಲಿಯ ಗಾಳಿಯ ಬಲವೆಷ್ಟೆಂಬದಕ್ಕೆ ದಿಬ್ಬಗಳ ಮೇಲೆ ತಿರುಗುವ ಗಾಳಿಯಂತ್ರಗಳೇ ಸಾಕ್ಷಿ. ನಾವು ಮಾತ್ರ ಆ ದಿನ ಗುಡ್ಡವನ್ನು ನೋಡಿದ್ದಕ್ಕಿಂತ ಮುಳ್ಳನ್ನು ನೋಡಿದ್ದೇ ಹೆಚ್ಚು. ಏರಿನಲ್ಲಿ ಮೆಲ್ಲಗೆ ಹೋಗುವಾಗ ಮುಳ್ಳು ತುಸು ಏರುವದು, ಹೀಟರಿನ ಗಾಳಿಯೂ ತುಸು ಬೆಚ್ಚಗಾಗುವದು. ಬಯಲಿನಲ್ಲಿ ವೇಗವಾಗಿ ಓಡಿದೊಡನೆ ಮುಳ್ಳು ಇಳಿಯುವದು, ಗಾಳಿ ತಣ್ಣಗಾಗುವದು. ಹೀಗೆ ಮೂರು ನಾಲ್ಕು ಸಲ ಆಯಿತು.

ಶಿರಹಟ್ಟಿಯಲ್ಲಿ ಫಕೀರೇಶ್ವರ ಮಠದ ದರ್ಶನಕ್ಕೆ ನಿಂತೆವು. ಹಿಂದೂಗಳೂ ಮುಸಲ್ಮಾನರೂ ಸಮಾನವಾಗಿ ನಡೆದುಕೊಳ್ಳುವ ಈ ಮಠದ ಕೀರ್ತಿ ನಮ್ಮ ನಾಡಿಗೆಲ್ಲ ತಿಳಿದದ್ದೇ. ತಾಯಿ ಕೂಸುಗಳು ಒಳಗೆ ಹೋಗಿ ಬರುವವರೆಗೆ ಅಳಿಯನು ಬಯಲಿನಲ್ಲಿ ಇಂಜಿನ್ನನ್ನು ನಿಂತಲ್ಲೇ ನಡೆಸಿಟ್ಟನು. ಹದಿನೈದು ನಿಮಿಷಗಳಲ್ಲಿ ಮುಳ್ಳು ನಡುವಿಗೆ ಬಂದಿತು. ಹೀಟರಿನಿಂದ ಬೆಚ್ಚನೆಯ ಗಾಳಿ ಬಂದಿತು! ಈ ಒಂದು ಸಂಗತಿಯಿಂದ ಬಹಳಷ್ಟು ತೀರ್ಮಾನವಾಯಿತು. ದ್ರವ ಕಡಿಮೆಯಾಗಿದ್ದರೆ, ನಾಳದಲ್ಲಿ ಗಾಳಿ ಸಿಕ್ಕಿದ್ದರೆ ಅಥವಾ ಪಂಪು ದುರ್ಬಲವಾಗಿದ್ದರೆ ಇದಕ್ಕೆ ವಿರುದ್ಧವಾಗಿ ನಡೆಯಬೇಕು. ನಿಂತಾಗ ತಣ್ಣಗೆ, ಇಂಜಿನ್ನು ಜೋರಾಗಿ ತಿರುಗಿದಾಗ ಬೆಚ್ಚಗೆ ಆಗಬೇಕು. ಇಲ್ಲಿ ನಿಂತಾಗ ಬೆಚ್ಚಗೆ, ಓಡಿದಾಗ ತಣ್ಣಗೆ. ಒಳಗಿನ ಬಾಗಿಲು ಅಂಟಿಕೊಂಡಿದ್ದರೆ ಯಾವಾಗಲೂ ತಣ್ಣಗೇ ಇರಬೇಕಾಗಿತ್ತು. ಮೇಲಾಗಿ ಸ್ವಲ್ಪ ದೂರ ಓಡಿಸಿ, ಇಂಜಿನ್ನು ನಿಲ್ಲಿಸಿ, ಬಟ್ಟೆ ಸುತ್ತಿದ ಕೈಯಿಂದ ಹೀಟರಿಗೆ ಹೋಗುವ ಹಾಗೂ ಅಲ್ಲಿಂದ ಬರುವ ಎರಡು ರಬ್ಬರು ಕೊಳವೆಗಳನ್ನು ಮುಟ್ಟಿ ನೋಡಿದೆವು. ಎರಡೂ ಒಂದೇ ಸಮನಾಗಿ ಉಗುರುಬೆಚ್ಚಗಿದ್ದವು. ಒಳಗೆ ಕಟ್ಟಿಕೊಂಡಿದ್ದರೆ ಒಂದು ಬಿಸಿಯಾಗಿ ಮತ್ತೊಂದು ತಣ್ಣಗಿರಬೇಕಾಗಿತ್ತು. ಎಂದಮೇಲೆ ಹೀಟರಿನಲ್ಲಿ ದೋಷವಿಲ್ಲ. ಅದಕ್ಕೆ ಬರುವ ದ್ರವವೇ ಸಾಕಷ್ಟು ಕಾದಿಲ್ಲ. ಓಡುವಾಗ ಮುಂದಿನಿಂದ ಬೀಸುವ ಗಾಳಿಯು ಇಂಜಿನ್ನಿನ ಕಾವನ್ನೆಲ್ಲ ಕದ್ದೊಯ್ಯುತ್ತಿದೆ. ಕಳ್ಳನಿಗೆ ಬಾಗಿಲು ತೆರೆದವರಾರು ಎಂಬದೊಂದೇ ಪ್ರಶ್ನೆ ಉಳಿಯಿತು.

ಅದರ ಉತ್ತರದ ಸುಳಿವು ನಮಗೆ ಮಾಗಡಿಯ ಕೆರೆಯ ದಂಡೆಯಲ್ಲಿ ಹೊಳೆಯಿತು. ಶಿರಹಟ್ಟಿಯಿಂದ ಸುಮಾರು 8 ಕಿಲೋಮೀಟರು ದೂರದ ಈ ಕೆರೆಗೆ ಪ್ರತಿ ಚಳಿಗಾಲದಲ್ಲಿ ಮಂಗೋಲಿಯ, ಟಿಬೆಟ್ಟು ಮೊದಲಾದ ಮಧ್ಯ ಏಶಿಯದ ನಾಡುಗಳಿಂದ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಬರುತ್ತವೆ. 2024ರಲ್ಲಿ ಇದು ರಾಮ್ಸಾರ್ ಒಪ್ಪಂದದ ಪ್ರಕಾರ ಅಂತರರಾಷ್ಟ್ರೀಯ ಮಹತ್ವದ ಜಲಭೂಮಿಗಳ ಸಾಲಿಗೆ ಸೇರಿತು. ನೂರಾರು ಹಕ್ಕಿಗಳು ತಣ್ಣನೆಯ ನೀರಿನಲ್ಲಿ ನಿಶ್ಚಿಂತೆಯಿಂದ ನಿಂತಿದ್ದವು. ತಾಯಿಯು ಕೂಸನ್ನು ಎತ್ತಿ ತೋರಿಸುತ್ತ, ಇವುಗಳ ಕಾಲಿಗೆ ಚಳಿಯಾಗುವದಿಲ್ಲವೇ ಎಂದು ಕೇಳಿದಳು. ಪಕ್ಷಿಶಾಸ್ತ್ರಜ್ಞರು ಇದಕ್ಕೆ ಚೆನ್ನಾದ ಉತ್ತರ ಕೊಡುತ್ತಾರೆ. ಈ ಹಕ್ಕಿಗಳ ಕಾಲಿನಲ್ಲಿ ಕೆಳಗಿಳಿಯುವ ಬಿಸಿ ರಕ್ತದ ನಾಳವೂ ಮೇಲೇರುವ ತಣ್ಣನೆಯ ರಕ್ತದ ನಾಳವೂ ಒಂದಕ್ಕೊಂದು ಆತುಕೊಂಡಿವೆ. ಇಳಿಯುವ ರಕ್ತವು ತನ್ನ ಕಾವನ್ನು ಏರುವ ರಕ್ತಕ್ಕೆ ದಾಟಿಸಿಬಿಡುತ್ತದೆ. ಹೀಗೆ ಕಾವು ನೀರಿನ ಪಾಲಾಗದೆ ಮೈಯೊಳಗೇ ಉಳಿಯುತ್ತದೆ. ಶಾಖವನ್ನು ಹುಟ್ಟಿಸಿದರೆ ಸಾಲದು. ಅದು ವ್ಯರ್ಥವಾಗಿ ಹರಿದುಹೋಗದಂತೆ ಕಾಯಬೇಕು. ಹಾಗಾದರೆ ಇಂಜಿನ್ನಿನ ಕಾವನ್ನು ಕಾಯುವ ದ್ವಾರಪಾಲಕನು ಯಾರು?

ಅವನ ಹೆಸರು ಥರ್ಮೋಸ್ಟ್ಯಾಟ್. ಇಂಜಿನ್ನಿಗೂ ರೇಡಿಯೇಟರಿಗೂ ನಡುವೆ ಕುಳಿತ ಚಿಕ್ಕ ಕವಾಟವದು. ಅದರ ಹೊಟ್ಟೆಯಲ್ಲಿ ಒಂದು ಬಗೆಯ ಮೇಣವಿದೆ. ದ್ರವವು ತಣ್ಣಗಿರುವವರೆಗೆ ಕವಾಟವು ಮುಚ್ಚಿಕೊಂಡು ದೊಡ್ಡ ಸುತ್ತನ್ನು ತಡೆಯುತ್ತದೆ. ದ್ರವವು 80–90 ಡಿಗ್ರಿಗಳ ನಡುವಿನ ಗೊತ್ತಾದ ಉಷ್ಣತೆಗೆ ಕಾದಾಗ ಮೇಣವು ಕರಗಿ ಹಿಗ್ಗಿ ಕವಾಟವನ್ನು ದೂಡಿ ತೆರೆಯುತ್ತದೆ. ಈ ದ್ವಾರಪಾಲಕನು ಬಾಗಿಲು ತೆರೆದೇ ಮಲಗಿದರೆ ತಣ್ಣನೆಯ ಇಂಜಿನ್ನಿನ ನೀರೂ ರೇಡಿಯೇಟರಿಗೆ ಓಡುತ್ತದೆ, ಎಂದಿಗೂ ಸರಿಯಾಗಿ ಕಾಯುವದಿಲ್ಲ.

ಮಧ್ಯಾಹ್ನಕ್ಕೆ ಲಕ್ಷ್ಮೇಶ್ವರ ಸೇರಿದೆವು. ಇದೇ ಪ್ರಾಚೀನ ಪುಲಿಗೆರೆ. ಪಂಪಕವಿಯು ಯಾವ ಊರಿನ ತಿರುಳುಗನ್ನಡವನ್ನು ಮೆಚ್ಚಿ ಕಾವ್ಯ ರಚಿಸಿದನೋ ಆ ಊರು. ಕೂಸಿಗೆ ಆರತಿಯಾಯಿತು, ಊಟವಾಯಿತು. ಸಂಜೆ ಸೋಮೇಶ್ವರನ ದರ್ಶನ, ಶಂಖಬಸದಿಯ ದರ್ಶನ ಆದವು. ಮರುದಿನ ಬೆಳಿಗ್ಗೆ ಬೀಗರ ಪರಿಚಯದ ವೃದ್ಧ ಮೇಸ್ತ್ರಿಯೊಬ್ಬನು ಬಂದನು. ನಾವು ಕಂಡುದನ್ನೆಲ್ಲ ಅನುಕ್ರಮವಾಗಿ ಹೇಳಿದೆವು. ಅವನು ಯಾವ ಭಾಗವನ್ನೂ ಬಿಚ್ಚುವ ಮೊದಲು ರಾತ್ರಿಯೆಲ್ಲ ಆರಿದ್ದ ಇಂಜಿನ್ನನ್ನು ಹೊರಡಿಸಿ, ರೇಡಿಯೇಟರಿನ ಮೇಲಿನ ಕೊಳವೆಯ ಮೇಲೆ ಅಂಗೈ ಇಟ್ಟನು. ಕವಾಟವು ಸರಿಯಾಗಿದ್ದರೆ ಆ ಕೊಳವೆಯು ಬಹಳ ಹೊತ್ತು ತಣ್ಣಗೇ ಇದ್ದು, ಕವಾಟ ತೆರೆದಾಗ ಥಟ್ಟನೆ ಬಿಸಿಯಾಗಬೇಕು. ಇದು ಇಂಜಿನ್ನಿನ ಸಂಗಡವೇ ಮೆಲ್ಲಮೆಲ್ಲನೆ ಬೆಚ್ಚಗಾಗುತ್ತ ಬಂದಿತು. ಮೇಸ್ತ್ರಿಯು ನಕ್ಕು, ಕವಾಟ ಕೆಟ್ಟಿಲ್ಲ ಮಾಸ್ತರೇ, ಇಲ್ಲವೇ ಇಲ್ಲ ಎಂದನು. ಆರಿದ ಮೇಲೆ ಬಿಚ್ಚಿ ನೋಡಿದರೆ ಗೂಡು ಬರಿದಾಗಿತ್ತು.

ಹಿಂದಿನ ಒಡೆಯನ ಕಾಲದಲ್ಲಿ ಯಾವುದೋ ಬೇಸಿಗೆಯಲ್ಲಿ ಇಂಜಿನ್ನು ಕಾದಿರಬೇಕು. ಯಾರೋ ಕವಾಟವನ್ನೇ ಕಿತ್ತು ಹಾಕಿರಬೇಕು. ಬಿಸಿಲ ನಾಡಿಗೆ ಇದು ಬೇಡವೆಂಬ ನಂಬಿಕೆ ನಮ್ಮ ಕಡೆ ಎಷ್ಟೋ ಜನರಲ್ಲಿದೆ ಎಂದು ಮೇಸ್ತ್ರಿಯು ಹೇಳಿದನು. ಅದರಿಂದ ನಿಜವಾದ ರೋಗವು ಮರೆಯಾಯಿತೇ ಹೊರತು ವಾಸಿಯಾಗಲಿಲ್ಲ. ನಿಜವಾದ ರೋಗವೆಂದರೆ ಗಡಸು ನೀರಿನ ಸುಣ್ಣದಿಂದ ಅರ್ಧ ಕಟ್ಟಿಕೊಂಡ ರೇಡಿಯೇಟರು. ಮೇಲಾಗಿ ಸದಾ ತಣ್ಣಗೆ ಓಡುವ ಇಂಜಿನ್ನು ಎಣ್ಣೆಯನ್ನು ಹೆಚ್ಚು ಕುಡಿಯುವದು, ಬೇಗ ಸವೆಯುವದು. ಚಳಿಗಾಲದ ಹೀಟರು ಬೇಸಿಗೆಯ ಚಿಕಿತ್ಸೆಯ ಗುಟ್ಟನ್ನು ಬಯಲಿಗಿಟ್ಟಿತು.

ಮುಂದಿನ ಕೆಲಸ ಒಂದೇ ದಿನದ್ದು. ರೇಡಿಯೇಟರನ್ನೂ ಹೀಟರಿನ ಸುತ್ತನ್ನೂ ತೊಳೆದರು. ಪೇಟೆಯಿಂದ ತಂದ ಹೊಸ ಕವಾಟವನ್ನು ಮೇಸ್ತ್ರಿಯು, ಅಡಿಗೆಗೆ ಬಳಸದ ಪಾತ್ರೆಯೊಂದರ ನೀರಿನಲ್ಲಿ ದಾರದಿಂದ ತೂಗಬಿಟ್ಟು ಒಲೆಯ ಮೇಲಿಟ್ಟನು. ಮನೆಯ ಮಕ್ಕಳೆಲ್ಲ ಸುತ್ತ ನೆರೆದರು. ನೀರು ಕುದಿ ಬರುವ ಮುನ್ನ ಕವಾಟವು ಮೊಗ್ಗಿನಂತೆ ಬಾಯ್ದೆರೆಯಿತು. ಕೆಳಗಿಳಿಸಿದಾಗ ಮತ್ತೆ ಮುಚ್ಚಿತು. ಅದನ್ನು ಕೂಡ್ರಿಸಿದ ಮೇಲೆ ಬಟ್ಟಿಯಿಳಿಸಿದ ನೀರು ಮತ್ತು ಕೂಲಂಟನ್ನು ಸಮಭಾಗವಾಗಿ ತುಂಬಿದರು. ಕಾರಿನ ಮೂತಿಯನ್ನು ಏರಿಗೆ ನಿಲ್ಲಿಸಿ, ಹೀಟರಿನ ಗುಂಡಿಯನ್ನು ಪೂರ್ಣ ಬಿಸಿಯ ಕಡೆಗಿಟ್ಟು, ಆರಿದ್ದ ಇಂಜಿನ್ನನ್ನು ಮುಚ್ಚಳ ತೆರೆದೇ ಹೊರಡಿಸಿ, ಒಳಗೆ ಸಿಕ್ಕ ಗಾಳಿಯ ಗುಳ್ಳೆಗಳು ನಿಲ್ಲುವವರೆಗೆ ನಡೆಸಿದರು. ಮರಳಿ ಗದಗಿಗೆ ಬರುವಾಗ ಮುಳ್ಳು ನಡುವಿನಲ್ಲಿ ಅಲುಗದೆ ನಿಂತಿತ್ತು. ಹೀಟರಿನ ಮುಂದೆ ಅಳಿಯನು ಅಂಗೈ ಹಿಡಿದು ಕಾಯಿಸಿಕೊಂಡನು. ಸ್ನೇಹಿತನು ಹೇಳಿದ ಹಲವು ಸಾವಿರಗಳು ಅವನ ಕಿಸೆಯಲ್ಲಿಯೇ ಉಳಿದವು.

ಕಾರುಳ್ಳ ಗೃಹಸ್ಥರು ನೆನಪಿಡಬೇಕಾದದ್ದು ಇಷ್ಟೇ. ತಣ್ಣನೆಯ ಗಾಳಿ ಬಂದರೆ ಮೊದಲು ಆರಿದ ಇಂಜಿನ್ನಿನಲ್ಲಿ ದ್ರವದ ಮಟ್ಟ ನೋಡಿರಿ. ಎರಡನೆಯದಾಗಿ ಮುಳ್ಳು ನಡುವಿಗೆ ಏರುವದೋ ಇಲ್ಲವೋ ನೋಡಿರಿ. ಮೂರನೆಯದಾಗಿ ಹೀಟರಿನ ಎರಡು ಕೊಳವೆಗಳ ಕಾವನ್ನು ಹೋಲಿಸಿರಿ. ಎರಡೂ ಬಿಸಿಯಾಗಿದ್ದು ಗಾಳಿ ತಣ್ಣಗಿದ್ದರೆ ದೋಷವು ಒಳಗಿನ ಬಾಗಿಲಿನಲ್ಲಿ ಅಥವಾ ಅದರ ತಂತಿಯಲ್ಲಿ. ಒಂದು ಬಿಸಿ ಒಂದು ತಣ್ಣಗಿದ್ದರೆ ಹೀಟರಿನ ಸುತ್ತಿನಲ್ಲಿ. ಎರಡೂ ಕಾಯದಿದ್ದರೆ ಇಂಜಿನ್ನಿನ ಕಡೆಗೆ ಹುಡುಕಬೇಕು. ಮುಳ್ಳು ಕೆಂಪು ಗೆರೆಯನ್ನು ಮುಟ್ಟಿ ಹೀಟರು ತಣ್ಣಗಾದರೆ ಒಂದು ಹೆಜ್ಜೆಯನ್ನೂ ಮುಂದೆ ಓಡಿಸದೆ ನಿಲ್ಲಿಸಬೇಕು. ಗಾಜು ಮಬ್ಬಾದಾಗ ಎ.ಸಿ.ಯನ್ನು ಹಚ್ಚಿದರೆ ಅದು ಒಳಗಿನ ತೇವವನ್ನು ಹೀರಿ ಗಾಜನ್ನು ತಿಳಿಯಾಗಿಸುವದು. ಹೀಟರಿಲ್ಲವೆಂದು ಮುಚ್ಚಿದ ಕಾರಿನಲ್ಲಿ ಕೆಂಡದ ಅಗ್ಗಿಷ್ಟಿಕೆಯನ್ನು ಎಂದಿಗೂ ಇಡಬಾರದು. ವಾಸನೆಯಿಲ್ಲದ ಅದರ ವಿಷಾನಿಲವು ನಿದ್ದೆಯಲ್ಲಿಯೇ ಪ್ರಾಣ ತೆಗೆಯುವದು. ಕೂಲಂಟು ರುಚಿಗೆ ಸಿಹಿ, ಆದರೆ ಘೋರ ವಿಷ. ಮಕ್ಕಳ ಹಾಗೂ ನಾಯಿಗಳ ಬಾಯಿಗೆ ಸಿಕ್ಕದಂತೆ ಅದನ್ನು ಕಾಪಾಡಬೇಕು.

ಇನ್ನೊಂದು ಸೂಚನೆ. ಮಹಾನವಮಿಯ ಆಯುಧಪೂಜೆಯಲ್ಲಿ ನಾವೆಲ್ಲ ಕಾರನ್ನು ತೊಳೆದು ಹೂ ಏರಿಸಿ ಕಾಯಿ ಒಡೆಯುತ್ತೇವೆ. ಆ ದಿನವೇ ಸ್ವಲ್ಪ ದೂರ ಓಡಿಸಿ ಹತ್ತು ನಿಮಿಷ ಹೀಟರನ್ನೂ ನಡೆಸಿ ನೋಡಿರಿ. ಚಳಿಗೆ ಇನ್ನೂ ಎರಡು ತಿಂಗಳಿರುವಾಗ ತಿಳಿದ ದೋಷಕ್ಕೆ ಮೇಸ್ತ್ರಿಯೂ ಸಿಕ್ಕುವನು, ಸಮಯವೂ ಸಿಕ್ಕುವದು.